ಮುಂತಾದವರು

೯ ಜನವರಿ ೧೯೯೫, ಸೋಮವಾರ

ರೈಲ್ವೆಯ ವಿಭಾಗ ಕಚೇರಿಯಿಂದ ಮುರಳೀಕೃಷ್ಣ ಬಂದಿದ್ದರು. ಹೊಸ ಪ್ರಚಾರಾಧಿಕಾರಿ, ಮೂವತ್ತು ದಾಟಿರಲಾರದು, ಗುಮಾಸ್ತನಾದ ನನ್ನನ್ನೂ ಸರ್ ಎಂದೇ ಕರೆಯುತ್ತಾರೆ. ನೀರು ಕುಡಿದು ಎರಡು ಸುದ್ದಿ ಹೇಳಿದರು. ಒಂದು, ನಮ್ಮ ನೌಕರರ ಪತ್ರಿಕೆ 'ಕೈಮರ' ಮಾರ್ಚಿ ಸಂಚಿಕೆಯೊಂದಿಗೆ ನಿಲ್ಲುತ್ತದೆ. ಮೀಟರ್‌ಗೇಜ್ ಕಿತ್ತು ಬ್ರಾಡ್‌ಗೇಜ್ ಹಾಕುವ ಹೊತ್ತಿಗೆ ಎಲ್ಲ ವಿಭಾಗಕ್ಕೂ ಸೇರಿ ಒಂದೇ ಪತ್ರಿಕೆಯಂತೆ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ನುಣುಪು ಕಾಗದದ ಮೇಲೆ. ಎರಡು, ಕೊನೆಯ ಸಂಚಿಕೆಗೆ 'ಕೈಮರ'ದ ನಲವತ್ತನಾಲ್ಕು ವರ್ಷದ ಚರಿತ್ರೆಯನ್ನು ನಾನು ಬರೆಯಬೇಕು. ಹದಿನಾರು ಪುಟ.

"ನಿಮ್ಮನ್ನ ಬಿಟ್ಟರೆ ಇನ್ಯಾರಿಗೆ ಗೊತ್ತಿದೆ ಸರ್" ಎಂದರು.

ಮಾತು ಸುಳ್ಳಲ್ಲ. ಇಪ್ಪತ್ತೊಂದು ವರ್ಷದಿಂದ ಗುಮಾಸ್ತಿಕೆಯ ಜೊತೆಗೆ ಸಹಾಯಕ ಸಂಪಾದಕನ ಕೆಲಸವನ್ನೂ ಎಳೆದಿದ್ದೇನೆ. ಪತ್ರಿಕೆ ನಿಲ್ಲುವುದೂ ನಾನು ನಿವೃತ್ತನಾಗುವುದೂ ಒಂದೇ ದಿನ, ಮಾರ್ಚಿ ಮೂವತ್ತೊಂದು. ಬೇಸರವಾಗಬೇಕಿತ್ತು. ಸಂತೋಷವೇ ಆಯಿತು, ಒಪ್ಪಿಕೊಳ್ಳಲು ನಾಚಿಕೆ ಅಷ್ಟೆ.

ಮನೆಗೆ ನಡೆದು ಬರುವಾಗಲೇ ಮೊದಲ ವಾಕ್ಯ ಹೊಳೆಯಿತು. "ಸ್ಟೇಷನ್ನಿನ ಹೊರಗೆ ಕೈಚಾಚಿ ನಿಂತ ಸಿಗ್ನಲ್ ಕಂಬವನ್ನು ನಮ್ಮ ಜನ ಕೈಮರ ಎನ್ನುತ್ತಾರೆ, ೧೯೫೧ರಲ್ಲಿ ಒಬ್ಬ ಸ್ಟೇಷನ್ ಮಾಸ್ಟರು ತಾವೇ ಸೈಕ್ಲೋಸ್ಟೈಲ್ ಮಾಡಿದ ನಾಲ್ಕು ಹಾಳೆಗೆ ಅದೇ ಹೆಸರಿಟ್ಟರು." ಇನ್ನು ಗಾರ್ಡಿನ ಡಬ್ಬಿಯಲ್ಲಿ ಕಟ್ಟು ಕಟ್ಟಾಗಿ ಹೋಗುತ್ತಿದ್ದುದು, ಓದು ಬಾರದ, ಹಳಿ ಕಾಯುವ ಗ್ಯಾಂಗಿನವರಿಗೆ ಯಾರಾದರೊಬ್ಬರು ಗಟ್ಟಿಯಾಗಿ ಓದಿ ಹೇಳುತ್ತಿದ್ದುದು, ಯಾರಿಗೆ ವರ್ಗವಾಯಿತು, ಯಾರ ಮಗಳ ಮದುವೆ, ಯಾರ ಮಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಅಂಕ. ಎಲ್ಲ ಸ್ಟೇಷನ್ನಿನವರೂ ತಿಂಗಳಿಗೊಂದು ಕಾರ್ಡು ಬರೆದು ಸುದ್ದಿ ಕಳಿಸಬೇಕಿತ್ತು. ಸುದ್ದಿ ಇಲ್ಲದಿದ್ದರೆ 'ವಿಶೇಷವೇನಿಲ್ಲ' ಎಂದಾದರೂ ಬರೆಯಬೇಕು. ಸಣ್ಣ ಸ್ಟೇಷನ್ನುಗಳಿಂದ ಮೂವತ್ತು ವರ್ಷ ಅದೊಂದೇ ಮಾತು ಬಂದಿದೆ.

೧೫ ಜನವರಿ, ಭಾನುವಾರ

ಸಂಕ್ರಾಂತಿ. ಬೈಂಡು ಮಾಡಿಸಿದ ಹಳೇ ಸಂಚಿಕೆಗಳನ್ನೆಲ್ಲ ಮನೆಗೆ ತಂದುಕೊಂಡಿದ್ದೇನೆ. ಅಕ್ಕ ಸುಂದರಮ್ಮ ಎಳ್ಳುಬೆಲ್ಲದ ತಟ್ಟೆ ಹಿಡಿದು ನಿಂತು ಗೊಣಗಿದಳು.

"ಹಬ್ಬದ ದಿನಾನೂ ಆ ಧೂಳು ಮೈಮೇಲೆ ಸುರ್ಕೊಂಡು ಕೂತಿದ್ದೀಯಲ್ಲೋ ಸಂಪತ್ತು. ನಿನ್ನ ಹೆಂಡತಿ ಇದ್ದಿದ್ರೆ ಬಿಡ್ತಿದ್ಲಾ?"

ಹಂಸ ಇದ್ದಿದ್ದರೆ ಪಕ್ಕದಲ್ಲೇ ಕೂತು ಓದುತ್ತಿದ್ದಳು.

೧೯೭೪ರ ಜೂನ್ ಸಂಚಿಕೆ ಇಲ್ಲ. ಅದು ಗೊತ್ತಿದ್ದದ್ದೇ, ಮೇ ತಿಂಗಳ ರೈಲ್ವೆ ಮುಷ್ಕರದಲ್ಲಿ ಪತ್ರಿಕೆ ಬರಲಿಲ್ಲ. ಜುಲೈ ಸಂಚಿಕೆಯಲ್ಲಿ 'ಕಾಗದದ ಅಭಾವದಿಂದ' ಎಂದು ಅಚ್ಚಾಗಿದೆ. ಆ ವಾಕ್ಯ ನನ್ನದೇ, ನಾನು ಸೇರಿದ ಹೊಸದು. ಈ ಸಲ ನಿಜ ಬರೆಯಬೇಕು.

ಇನ್ನೊಂದೂ ಇಲ್ಲ, ೧೯೮೨ರ ಆಗಸ್ಟು. ಅದು ಹೇಗೆ ತಪ್ಪಿಹೋಯಿತೋ.

"ನನ್ನ ಹಲಸಿನ ಹಪ್ಪಳ ಬಂದಿದ್ದು ಅದರಲ್ಲೇ ಅಲ್ವೇನೋ?" ಎಂದಳು ಅಕ್ಕ. ಜನ್ಮದಲ್ಲಿ ಒಂದೇ ಸಲ ಅವಳ ಹೆಸರು ಅಚ್ಚಾಗಿದ್ದು. "ಎಲ್ಲಾ ಇಟ್ಕೊಂಡು ನನ್ನದೊಂದನ್ನೇ ಕಳ್ಕೊಂಡ್ಯಾ?"

೨೨ ಜನವರಿ, ಭಾನುವಾರ

ಚನ್ನರಾಯಪಟ್ಟಣಕ್ಕೆ ಹೋಗಿ ಹಳೆಯ ಸಂಪಾದಕರು ಗಂಗಾಧರಯ್ಯನವರನ್ನು ನೋಡಿ ಬಂದೆ. ಬಸ್ಸು ಶಾಂತಿಗ್ರಾಮದಲ್ಲಿ ಅರ್ಧ ಗಂಟೆ ಕೆಟ್ಟು ನಿಂತಿತು. ಅವರಿಗೆ ಎಪ್ಪತ್ತು. ಕಿವಿ ಮಂದ, ನೆನಪು ಮಾತ್ರ ಹರಿತ.

ನಮ್ಮ ಪತ್ರಿಕೆಯಲ್ಲಿ ಕೆಲಸದ ಮೇಲೆ ಸತ್ತವರ ಸುದ್ದಿ ಯಾಕೆ ಹಾಕುತ್ತಿರಲಿಲ್ಲ ಎಂದು ಕೇಳಿದೆ. ಪದ್ಧತಿ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ.

"ಐವತ್ತೆಂಟರಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ಹಾಕೋ ಒಬ್ಬ ಫೈರ್‌ಮನ್ ಹೋಗ್ಬಿಟ್ಟ ಕಣಯ್ಯ. ಹೆಂಡ್ತಿ ಬಸುರಿ, ತೌರಲ್ಲಿದ್ಲು. ಹೆರಿಗೆ ಆಗ್ಲಿ, ಆಮೇಲೆ ಹೇಳೋಣ ಅಂತ ಮನೆಯೋರು ಮುಚ್ಚಿಟ್ಟಿದ್ರು. ನಾನು 'ಕೈಮರ'ದಲ್ಲಿ ಫೋಟೋ ಸಮೇತ ಹಾಕಿದೆ. ಸ್ಟೇಷನ್ನಲ್ಲಿ ಯಾರೋ ಆಯಮ್ಮನ ಕೈಗೇ ಪತ್ರಿಕೆ ಕೊಟ್ರು. ಅವತ್ತಿಂದ ಸಾವು ಹಾಕ್ಬಾರ್ದು ಅಂತ ಮಾಡ್ದೆ. ಮನೇಲಿ ಹೆಂಗಸರು ಓದ್ತಾರೆ."

ಒಳ್ಳೆಯ ಮನುಷ್ಯ. ಹೊರಡುವಾಗ ನನ್ನ ಕೈ ಹಿಡಿದು, "ಎಷ್ಟು ಹೆಸರು ಬಿಟ್ವೋ ಏನೋ ಸಂಪತ್ತು" ಎಂದರು. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ, ನನ್ನ ಕಾಲದ್ದೇ ಹನ್ನೊಂದು ಹೆಸರು ನೆನಪಾಯಿತು.

೫ ಫೆಬ್ರವರಿ, ಭಾನುವಾರ

ಎಂಬತ್ತೆರಡರ ಆಗಸ್ಟು ಸಂಚಿಕೆ ಸಿಕ್ಕಿತು. ಸಿಗಬಾರದಿತ್ತು ಎನಿಸುತ್ತಿದೆ.

ಹಾಸನದ ಸ್ಟೇಷನ್ನಿನಲ್ಲಿ ಒಬ್ಬ ಗ್ಯಾಂಗ್‌ಮನ್ ಹೇಳಿದ್ದ, "ಏಳನೇ ಗ್ಯಾಂಗ್ ದ್ಯಾವಯ್ಯನ ಎಂಡ್ರು ಒಂದು ಪುಸ್ತಕವ ಪೆಟ್ಗೇಲಿ ಮಡೀಕಂಡವ್ಳೆ ಸಾ, ಅದೇ ಇರ್ಬೋದು" ಅಂತ. ಬೆಳಗಿನ ಗಾಡಿ ಹತ್ತಿ ಹೊಳೆನರಸೀಪುರದಲ್ಲಿಳಿದು ಅವಳ ಊರಿಗೆ ನಡೆದೆ. ಹೆಸರು ಲಕ್ಕಮ್ಮ. ಅರವತ್ತೈದಿರಬಹುದು. ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ, ನಾನು ಯಾರೆಂದು ತಿಳಿದ ಕೂಡಲೇ ಕೈ ಮುಗಿದಳು.

"ನೀವೇನಾ ಸಾ ಬರ್ಯೋರು? ನಮ್ಮೆಜಮಾನ್ರ ಇಚಾರವ ಎಷ್ಟು ಸಂದಾಗಿ ಆಕಿದ್ರಿ. ಅದೊಂದು ಇಲ್ದಿದ್ರೆ ನಾನು ಬದುಕ್ತಿರ್ನಿಲ್ಲ ಕಣ್ರಪ್ಪ."

ನನಗೆ ತಲೆಬುಡ ತಿಳಿಯಲಿಲ್ಲ. ಗಂಡ ಸತ್ತ ತಿಂಗಳು ಸ್ಟೇಷನ್ನಿನ ಪೋರ್ಟರ್ ಪಾಪಯ್ಯ ಬಂದು ಓದಿ ಹೇಳಿದನಂತೆ. ಅವಳಿಗೆ ಪೂರ್ತಿ ಬಾಯಿಪಾಠ. ನೆಟ್ಟಗೆ ಕೂತು, ಪುಸ್ತಕದ ಮಾತಿನಲ್ಲಿ ಒಪ್ಪಿಸಿದಳು:

"ಏಳನೇ ಗ್ಯಾಂಗಿನ ದ್ಯಾವಯ್ಯನವರು ಹತ್ತೊಂಬತ್ತು ಮಳೆಗಾಲ ಈ ಹಳಿಯನ್ನು ನಡೆದು ಕಾದರು. ಇಪ್ಪತ್ತನೆಯ ಮಳೆಗಾಲದಲ್ಲಿ, ಬದಲಿ ಆಳು ಬಾರದ ಕಾರಣ ಎರಡು ಪಾಳಿ ಒಬ್ಬರೇ ನಡೆದು, ಸೇತುವೆಯ ಮೇಲೆ ಕಾಲು ಜಾರಿ ತೀರಿಕೊಂಡರು. ಅವರ ಕೈದೀಪ ಬೆಳಗಿನ ತನಕ ಉರಿಯುತ್ತಿತ್ತು. ಗಾಡಿ ಸುಖವಾಗಿ ದಾಟಿತು."

ಪ್ರತಿ ವರ್ಷ ಪಿತೃಪಕ್ಷದಲ್ಲಿ ಎಡೆ ಇಡುವಾಗ ಆ ಸಂಚಿಕೆಯನ್ನೂ ಮುಂದಿಟ್ಟು, ಮೊಮ್ಮಗಳು ರೂಪಶ್ರೀ ಕೈಯಲ್ಲಿ ಓದಿಸುತ್ತಾಳಂತೆ. ಆ ಹುಡುಗಿ ಬಾಗಿಲಿಗೊರಗಿ ನಿಂತಿದ್ದಳು. ಟಿ.ಸಿ.ಎಚ್. ಓದುತ್ತಿದ್ದಾಳೆ, ಮೇಡಂ ಆಗುತ್ತಾಳೆ.

"ಗೆದ್ದಲು ಇಡಿದೈತೆ ಸಾ. ಬೇವಿನ ಸೊಪ್ಪು ಮಡಗಿದ್ರೂ ಬುಡ್ನಿಲ್ಲ. ನಾನೂ ಸತ್ತೋದೆ, ಇದೂ ಓಯ್ತು ಅಂದ್ರೆ ಆಮೇಲೆ ಅಂಗೊಬ್ಬ ಇದ್ದ ಅಂತ ಯೋಳೋರ್ಯಾರು? ಒಸ ಪುಸ್ತಕ್ದಲ್ಲಿ ಇನ್ನೊಂದ್ ಕಿತ ಆಕ್ಬುಡಿ."

ಹಾಕುತ್ತೇನೆ ಎಂದೆ. ರೂಪಶ್ರೀ ಸಂಚಿಕೆಯನ್ನು ಕೊಡಲು ಹಿಂದೆಮುಂದೆ ನೋಡಿದಳು. ರಸ್ತೆಯವರೆಗೂ ಜೊತೆಗೆ ಬಂದು, "ನೀವೇ ವಾಪಸ್ ತಂದ್ಕೊಡಿ ಸರ್" ಎಂದಳು. ಆಮೇಲೆ, "ಈ ಸಲ ನಿಜವಾಗ್ಲೂ ಹಾಕ್ತೀರಾ?"

"ಹಾಕ್ತೀನಮ್ಮ" ಎಂದೆ.

ಗಾಡಿಯಲ್ಲಿ ಕೂತು ಪುಟ ತಿರುವಿದೆ. ದ್ಯಾವಯ್ಯನ ಹೆಸರು ಎಲ್ಲೂ ಇಲ್ಲ. ಎರಡು ಸಲ ನೋಡಿದೆ. ಹದಿಮೂರನೇ ಪುಟದ ಕೆಳಗೆ 'ಹಲಸಿನ ಹಪ್ಪಳ: ಶ್ರೀಮತಿ ಸುಂದರಮ್ಮ, ಹಾಸನ'. ಆಗ ನೆನಪು ಬಂತು, ಒಂದೇ ಸಲಕ್ಕೆ ಬಂತು. ದ್ಯಾವಯ್ಯ ಸತ್ತದ್ದರ ಬಗ್ಗೆ ನಾನೇ ಮೂರು ಸಾಲು ಬರೆದಿದ್ದೆ. ಗಂಗಾಧರಯ್ಯನವರು ನೋಡುವ ಮೊದಲೇ, ಯಾರೂ ಹೇಳದೆಯೇ, ಕೆಂಪು ಪೆನ್ಸಿಲಿನಲ್ಲಿ ನಾನೇ ಹೊಡೆದುಹಾಕಿದೆ. ಖಾಲಿ ಬಿದ್ದ ಜಾಗಕ್ಕೆ ಹಪ್ಪಳ ತುಂಬಿದೆ.

ಹಾಗಾದರೆ ಆ ಹುಡುಗಿ ಇಷ್ಟು ವರ್ಷ ಏನನ್ನು ನೋಡಿಕೊಂಡು ಓದಿದಳು? ಮನೆಗೆ ಬಂದರೆ ಅಕ್ಕ ಸಂಚಿಕೆ ಕಿತ್ತುಕೊಂಡು, ಕನ್ನಡಕ ಹಾಕಿಕೊಂಡು, ತನ್ನ ಹಪ್ಪಳವನ್ನು ಎರಡು ಸಲ ಗಟ್ಟಿಯಾಗಿ ಓದಿದಳು.

೮ ಫೆಬ್ರವರಿ, ಬುಧವಾರ

ರಜೆ ಹಾಕಿ ಅರಕಲಗೂಡಿಗೆ ಹೋದೆ. ಪಾಪಯ್ಯ ಮಗಳ ಮನೆಯಲ್ಲಿದ್ದಾನೆ. ಗೊರೂರಿನ ಮೇಲೆ ಹೋಗುವ ಬಸ್ಸಿನಲ್ಲಿ, ಬಯ್ಯಬೇಕು ಎಂದುಕೊಂಡೇ ಹೋದದ್ದು. ಪಾಪಯ್ಯನಿಗೆ ಎರಡೂ ಕಣ್ಣು ಹೋಗಿವೆ. ನನ್ನ ದನಿಯಿಂದಲೇ ಗುರುತು ಹಿಡಿದ.

"ಹೂಂ ಸಾ, ನಾನೇ ಸೇರಿಸ್ಬುಟ್ಟೆ. ಇಡೀ ಪುಸ್ತಕ ಹುಡುಕ್ದೆ, ಇರ್ನಿಲ್ಲ. ಆಯಮ್ಮ ಎದ್ರುಗೆ ಕೂತವ್ಳೆ, ತಾಳಿ ತೆಗ್ದು ಇನ್ನೂ ತಿಂಗ್ಳಾಗಿಲ್ಲ. ಆ ಪುಟ್ದಲ್ಲಿ ಅಪ್ಳ ಮಾಡೋದು ಎಂಗೆ ಅಂತಿತ್ತು. ಆಯಮ್ಮಂಗೆ ಅದ ಓದ್ಲಾ ಸಾ?"

ಕೈ ಚಾಚಿ ನನ್ನ ತೋಳು ಹುಡುಕಿ ಹಿಡಿದ.

"ಅದೊಂದೇ ಅಲ್ಲ ಬುಡಿ. ನೀವು ಬಿಟ್ಟೋರ್ನೆಲ್ಲ ನಾನು ಓದ್ತಿದ್ದೆ. ಗ್ಯಾಂಗ್ನೋರು ಟೋಪಿ ತೆಗ್ದು ಕೂತ್ಕಳೋರು. ತಪ್ಪಾ ಸಾ?"

"ತಪ್ಪಲ್ಲ ಪಾಪಯ್ಯ" ಎಂದೆ. ಅವನ ಮಗಳು ಪಾರ್ವತಮ್ಮ ಮಜ್ಜಿಗೆ ಕೊಟ್ಟಳು. ಕುಡಿಯುವಾಗ ಅಳು ಬಂತು. ಅವನಿಗೆ ಕಾಣುವುದಿಲ್ಲವಲ್ಲ ಎಂದು ಸುಮ್ಮನೆ ಅತ್ತೆ.

೧೨ ಫೆಬ್ರವರಿ, ಭಾನುವಾರ

ಹದಿನಾರು ಪುಟವೂ ಮುಗಿಯಿತು. ಹೀಗೆ ಎಂದೂ ಬರೆದಿರಲಿಲ್ಲ. ಎಪ್ಪತ್ತನಾಲ್ಕರ ಮುಷ್ಕರ ಇದೆ. ಫೈರ್‌ಮನ್ನನ ಹೆಂಡತಿ ಇದ್ದಾಳೆ. ದ್ಯಾವಯ್ಯನ ನಾಲ್ಕು ವಾಕ್ಯ ಪಾಪಯ್ಯ ಓದಿದಂತೆಯೇ, ಒಂದಕ್ಷರ ಬದಲಿಲ್ಲದೆ, ಇದೆ. ಅದರ ಕೆಳಗೆ, ಆಗ ಈ ಸುದ್ದಿಯನ್ನು ತೆಗೆದುಹಾಕಿದವನು ನಾನೇ ಎಂದೂ, ಆ ಜಾಗದಲ್ಲಿ ಏನಿತ್ತು ಎಂದೂ ಬರೆದಿದ್ದೇನೆ. ಅಕ್ಕ ಬೈದರೆ ಬೈಯಲಿ.

ಉಳಿದದ್ದು ಹೋದರೂ ಚಿಂತೆಯಿಲ್ಲ, ದ್ಯಾವಯ್ಯ ಹೋಗಕೂಡದು. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಆಮೇಲೆ ನನಗೇ ನೆನಪಿರಲಿ ಎಂದು.

೨೦ ಫೆಬ್ರವರಿ, ಸೋಮವಾರ

ಮುರಳೀಕೃಷ್ಣ ಫೋನು ಮಾಡಿದ್ದರು. ಬ್ರಾಡ್‌ಗೇಜ್ ಯೋಜನೆಯ ನಕ್ಷೆಗೆ ನಡುವಿನ ಹಾಳೆಗಳು ಬೇಕಂತೆ. ಚರಿತ್ರೆಗೆ ಎಂಟು ಪುಟ. "ಸಾರಿ ಸರ್, ನನ್ನ ಕೈಲಿಲ್ಲ" ಎಂದರು. ಪಾಪ, ಅವರ ಕೈಯಲ್ಲಿ ಏನಿದೆ.

ಸಂಜೆ ಕೂತು ಇಳಿಸಿದೆ. ಮುಷ್ಕರದ ವಿಚಾರಕ್ಕೆ ಒಂದೂವರೆ ಪುಟ ಹೋಗುತ್ತಿತ್ತು. ಈಗ ಆ ಗಲಾಟೆ ಯಾರಿಗೆ ಬೇಕು ಎನಿಸಿ 'ಕಾಗದದ ಅಭಾವ' ಎಂದೇ ಉಳಿಸಿದೆ, ದಾಖಲೆಯಲ್ಲೂ ಹಾಗೇ ಇದೆ. ಹಪ್ಪಳದ ವಿಚಾರವನ್ನೂ ಬಿಟ್ಟೆ. ಚರಿತ್ರೆ ಎಂದ ಮೇಲೆ ಬರೆಯುವವನ ಸ್ವಂತ ಕಥೆ ಅದರಲ್ಲಿ ಇರಬಾರದು. ದ್ಯಾವಯ್ಯ ಪೂರ್ತಿ ಇದ್ದಾನೆ.

೨೭ ಫೆಬ್ರವರಿ, ಸೋಮವಾರ

ಶಿವರಾತ್ರಿ. ಮೂರು ದಿನದಿಂದ ಮೈ ಸರಿಯಿಲ್ಲ. ಕಚೇರಿಯಲ್ಲಿ ಬೀರು ಖಾಲಿ ಮಾಡುತ್ತಿದ್ದಾರೆ. 'ಕೈಮರ'ದ ಬೈಂಡುಗಳನ್ನೂ ನನ್ನಿಂದ ವಾಪಸು ತರಿಸಿಕೊಂಡು, ಹಳೇ ರಿಜಿಸ್ಟರುಗಳ ಜೊತೆ ಗೂಡ್ಸ್ ಡಬ್ಬಿಗೆ ತುಂಬಿದರು. ಎಲ್ಲಿಗೆ ಎಂದು ಕೇಳಿದರೆ 'ಮೇಲಕ್ಕೆ' ಎಂದರು. ಮೇಲೆ ಎಲ್ಲಿ ಎಂದು ಅವರಿಗೂ ಗೊತ್ತಿಲ್ಲ.

೨ ಮಾರ್ಚಿ, ಗುರುವಾರ

ಎಂಟು ಈಗ ನಾಲ್ಕು. ಜನರಲ್ ಮ್ಯಾನೇಜರ ಸಂದೇಶ ಬರುತ್ತಿದೆ, ಹಿಂದಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ.

ಇವತ್ತು ಓದುವಾಗ ಒಂದು ಯೋಚನೆ ಬಂತು. 'ಬದಲಿ ಆಳು ಬಾರದ ಕಾರಣ ಎರಡು ಪಾಳಿ' ಎಂದರೆ, ಬದಲಿ ಆಳನ್ನು ಯಾರು ಕಳಿಸಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಆಗಿನ ವಿಚಾರಣೆಯಲ್ಲಿ ದ್ಯಾವಯ್ಯನದೇ ನಿರ್ಲಕ್ಷ್ಯ ಎಂದು ತೀರ್ಮಾನವಾಗಿದೆ. ಆ ಕಾಗದ ಟೈಪು ಮಾಡಿದವನೂ ನಾನೇ. ಒಂದು ಕೈಯಲ್ಲಿ ಅದನ್ನು ಟೈಪು ಮಾಡಿ ಇನ್ನೊಂದು ಕೈಯಲ್ಲಿ ಇದನ್ನು ಬರೆದರೆ ನಿವೃತ್ತಿಯ ಹೊತ್ತಿನಲ್ಲಿ ಇಲ್ಲದ ತಂಟೆ. 'ಸೇವೆಯಲ್ಲಿದ್ದಾಗ ದಿವಂಗತರಾದರು' ಎಂದು ಮಾಡಿದೆ. ಅರ್ಥ ಅದೇ. ಹೆಸರು ಮುಖ್ಯ, ಹೆಸರಿದೆ.

ಕೈದೀಪದ ವಾಕ್ಯವೂ ಹೋಯಿತು. ದೀಪ ಬೆಳಗಿನ ತನಕ ಉರಿಯಿತು ಎಂದು ಕಂಡವರು ಯಾರು?

೯ ಮಾರ್ಚಿ, ಗುರುವಾರ

ಮುರಳೀಕೃಷ್ಣ ಬಂದು ನಾಲ್ಕು ಪುಟ ಓದಿದರು. ಚೆನ್ನಾಗಿದೆ ಎಂದರು. ನಾನಾಗಿಯೇ ದ್ಯಾವಯ್ಯನ ಸಾಲಿನ ಮೇಲೆ ಬೆರಳಿಟ್ಟು, "ಇದು ಇರಬಹುದಾ?" ಎಂದು ಕೇಳಿದೆ.

"ಯಾವುದು ಸರ್? ಓ, ಇದಾ. ಇರಲಿ ಬಿಡಿ, ನಿಮ್ಮಿಷ್ಟ."

ಅವರು ನಿಮ್ಮಿಷ್ಟ ಎಂದದ್ದನ್ನು ಸಂಜೆ ಅಕ್ಕನಿಗೆ ಹೇಳಿದೆ. ಮೂವತ್ತೆಂಟು ವರ್ಷ ಸರ್ಕಾರಿ ಕೆಲಸ ಮಾಡಿದವನಿಗೆ ನಿಮ್ಮಿಷ್ಟ ಎಂದರೆ ಏನೆಂದು ಗೊತ್ತಾಗದೆ?

"ಇಷ್ಟ ಅಂದ್ರೆ ಇಷ್ಟ ಕಣೋ" ಎಂದಳು ಅಕ್ಕ. ಅವಳಿಗೇನು ಗೊತ್ತು ಕಚೇರಿ ವ್ಯವಹಾರ.

ಸಾವಿನ ಮಾತು ಬೇಡವೆಂದು, 'ನಮ್ಮ ಪತ್ರಿಕೆಯನ್ನು ಬೆಳೆಸಿದವರು' ಎಂಬ ಹೆಸರುಪಟ್ಟಿಯಲ್ಲಿ ದ್ಯಾವಯ್ಯನನ್ನು ಸೇರಿಸಿದೆ. ನೋಡಿದರೆ ಇದೇ ದೊಡ್ಡ ಗೌರವ. ಸ್ಟೇಷನ್ ಮಾಸ್ಟರು, ಗಾರ್ಡುಗಳ ಸಾಲಿನಲ್ಲಿ ಒಬ್ಬ ಗ್ಯಾಂಗ್‌ಮನ್. ಗಂಗಾಧರಯ್ಯನವರ ಹೆಸರು ಮೊದಲನೆಯದು, ದ್ಯಾವಯ್ಯನದು ಕೊನೆಯದು. ಹುದ್ದೆಯ ಪ್ರಕಾರ ಹಾಗೇ ಬರಬೇಕು.

೧೬ ಮಾರ್ಚಿ, ಗುರುವಾರ

ಪತ್ರಿಕೆಗೆ ನನ್ನದೊಂದು ಫೋಟೋ ಬೇಕಂತೆ. ಸ್ಟುಡಿಯೋಗೆ ಹೋಗಿದ್ದೆ. ಕೋಟು ಸ್ವಲ್ಪ ಬಿಗಿ.

೨೪ ಮಾರ್ಚಿ, ಶುಕ್ರವಾರ

ಪ್ರೆಸ್ಸಿನಲ್ಲಿ ಕೊನೆಯ ಕರಡು ನೋಡಿದೆ. ಮೊಳೆ ಜೋಡಿಸಿ ಅಚ್ಚು ಹಾಕುವ ಪ್ರೆಸ್ಸು ಹಾಸನದಲ್ಲಿ ಇದೊಂದೇ ಉಳಿದಿರುವುದು. ಪುಟ್ಟರಾಜು ಇದನ್ನೂ ಈ ವರ್ಷ ಮಾರುತ್ತಾನಂತೆ. ನನ್ನ ಫೋಟೋದ ಬ್ಲಾಕು ಬಹಳ ಚೆನ್ನಾಗಿ ಬಂದಿದೆ. ಕಣ್ಣು ಒಂದಿಷ್ಟು ದೊಡ್ಡದಾಗಿ ಕಂಡರೂ ಕಳೆ ಇದೆ. 'ಇಪ್ಪತ್ತೊಂದು ವರ್ಷಗಳ ಮೂಕಸೇವೆ' ಎಂಬ ಅಡಿಬರಹ ಮುರಳೀಕೃಷ್ಣ ಅವರದು. ಬೇಡ ಎಂದೆ, ಕೇಳಲಿಲ್ಲ.

ಕೊನೆಯ ಪುಟದಲ್ಲಿ ಎರಡು ಸಾಲು ಹೆಚ್ಚಾಗಿತ್ತು.

"ಫೋಟೋ ವಸಿ ಚಿಕ್ಕದು ಮಾಡ್ಸಿದ್ರೆ ಆಯ್ತದೆ ಸಾ" ಎಂದ ಪುಟ್ಟರಾಜು. "ಒಸ ಬ್ಲಾಕು ಮೈಸೂರಿಂದ ಬರ್ಬೇಕು. ಎಲ್ಡು ದಿನ ತಡ ಆಯ್ತದೆ ಅಷ್ಟೆ."

ಎರಡು ದಿನ ಎಲ್ಲಿ ತರುವುದು? ಮೂವತ್ತೊಂದಕ್ಕೆ ಪತ್ರಿಕೆ ಕೈಗೆ ಬರಬೇಕು. ಹೆಸರುಪಟ್ಟಿಯ ಕೊನೆಯ ಎರಡು ಸಾಲು ತೆಗೆಸಿ 'ಮುಂತಾದವರು' ಎಂದು ಹಾಕಿಸಿದೆ. ಮುಂತಾದವರು ಎಂದರೆ ಎಲ್ಲರೂ ಬಂದಂತಾಯಿತು, ಬಿಟ್ಟುಹೋದ ಹನ್ನೊಂದು ಜನವೂ ಅದರಲ್ಲೇ ಸೇರಿದರು. ಒಬ್ಬನ ಹೆಸರು ಹಾಕಿ ಮಿಕ್ಕವರನ್ನು ಬಿಡುವುದಕ್ಕಿಂತ ಇದು ನ್ಯಾಯ. ಹೇಗೂ ಲಕ್ಕಮ್ಮನಿಗೆ ರೂಪಶ್ರೀ ಓದಿ ಹೇಳುತ್ತಾಳೆ.

ಪೆನ್ಸಿಲು ಹುಡುಕಿದರೆ ಜೇಬಿನಲ್ಲಿರಲಿಲ್ಲ, ಪುಟ್ಟರಾಜು ಕೊಟ್ಟ. ಅದೂ ಕೆಂಪೇ.

೩೧ ಮಾರ್ಚಿ, ಶುಕ್ರವಾರ

ಆಯಿತು. ಹಾರ, ಶಾಲು, ಒಂದು ಗಡಿಯಾರ. ಮುರಳೀಕೃಷ್ಣ ಮಾತಾಡಿದರು. ನಾನೂ ಮಾತಾಡಬೇಕಿತ್ತು, ಬರೆದುಕೊಂಡು ಹೋಗಿದ್ದೆ, ಎದ್ದು ನಿಂತು ನಮಸ್ಕಾರ ಎಂದಷ್ಟೇ ಹೇಳಿ ಕೂತೆ. 'ಕೈಮರ'ದ ಕಟ್ಟುಗಳು ಗಾರ್ಡಿನ ಡಬ್ಬಿಗೆ ಹೋಗಲಿಲ್ಲ. ಈಗ ಅಂಚೆಯಲ್ಲಿ ಕಳಿಸುತ್ತಾರಂತೆ, ವಿಳಾಸದ ಪಟ್ಟಿ ಇನ್ನೂ ಆಗಿಲ್ಲವಂತೆ. ವೇಟಿಂಗ್ ರೂಮಿನ ಮೂಲೆಯಲ್ಲಿ ಬಿದ್ದಿವೆ. ನನಗೆ ಐದು ಪ್ರತಿ ಕೊಟ್ಟರು.

ನಾಳೆ ಯುಗಾದಿ. ಅಕ್ಕ ಬೇವು ತರಲು ಹೇಳಿದ್ದಳು, ಮರೆತು ಬಂದೆ.

೩ ಏಪ್ರಿಲ್, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಅಂಗಿ ಹಾಕಿಕೊಂಡು ಚಪ್ಪಲಿ ಮೆಟ್ಟಿದೆ. ಆಮೇಲೆ ಕಳಚಿದೆ.

೫ ಏಪ್ರಿಲ್, ಬುಧವಾರ

ಲಕ್ಕಮ್ಮನ ಹಳೆಯ ಸಂಚಿಕೆ ಹಿಂದಿರುಗಿಸಲು ಹೋಗಲೇಬೇಕಿತ್ತು. ಅಂಚೆಗೆ ಹಾಕೋಣವೆಂದು ಎರಡು ಸಲ ಕವರಿನಲ್ಲಿಟ್ಟು ತೆಗೆದೆ. ಕೊನೆಗೆ ಹೋದೆ. ರೂಪಶ್ರೀ ಇರಬಾರದು ಎಂದುಕೊಂಡಿದ್ದೆ, ಇದ್ದಳು.

ಲಕ್ಕಮ್ಮ ಕೈ ತೊಳೆದು ಸೆರಗಿನಲ್ಲಿ ಒರೆಸಿಕೊಂಡು ಬಂದು ಕೂತಳು. ಹೊಸ ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡಳು. ನನ್ನ ಫೋಟೋ ನೋಡಿ, "ನೀವೇ ಅಲ್ವಾ ಸಾ ಇದು? ಸಂದಾಗಿ ಬಂದೈತೆ" ಎಂದಳು. ಆಮೇಲೆ ಬೆರಳು ಚಾಚಿದಳು.

"ನಮ್ಮೋರ್ದು ಎಲ್ಲೈತೆ, ತೋರ್ಸಿ."

ಅವಳ ಬೆರಳು ಹಿಡಿದು ಕೊನೆಯ ಪುಟದ ಕೆಳಗೆ, ಮುಂತಾದವರು ಎಂಬಲ್ಲಿ ಇಟ್ಟೆ. ಬೇರೆ ಎಲ್ಲಿ ಇಡಲಿ? ಬೆರಳು ಒರಟಾಗಿ, ಬೆಚ್ಚಗಿತ್ತು. ಅವಳು ಅದನ್ನು ತೆಗೆಯಲಿಲ್ಲ.

"ಇಷ್ಟು ಚಿಕ್ದಾ?"

"ಈಗ ಅಕ್ಷರ ಸಣ್ಣ ಮಾಡಿದ್ದಾರಮ್ಮ" ಎಂದೆ.

"ಓದವ್ವ ರೂಪ."

ರೂಪಶ್ರೀ ಪತ್ರಿಕೆ ತೆಗೆದುಕೊಂಡಳು. ಅಜ್ಜಿಯ ಬೆರಳಿದ್ದ ಜಾಗ ನೋಡಿದಳು. ಪುಟ ತಿರುವಿ ಹಿಂದಿನದನ್ನು ನೋಡಿದಳು, ಅದರ ಹಿಂದಿನದನ್ನು ನೋಡಿದಳು. ನಾನು ಅಂಗಳದ ಕಡೆ ನೋಡುತ್ತಿದ್ದೆ. ಮತ್ತೆ ಕೊನೆಯ ಪುಟಕ್ಕೆ ಬಂದು, ಗಂಟಲು ಸರಿಮಾಡಿಕೊಂಡು ಓದಿದಳು.

"ಏಳನೇ ಗ್ಯಾಂಗಿನ ದ್ಯಾವಯ್ಯನವರು ಹತ್ತೊಂಬತ್ತು ಮಳೆಗಾಲ ಈ ಹಳಿಯನ್ನು ನಡೆದು ಕಾದರು."

ಎಲ್ಲೂ ತಡವರಿಸಲಿಲ್ಲ. ಬದಲಿ ಆಳು ಬಾರದ್ದು, ಎರಡು ಪಾಳಿ, ಕೈದೀಪ, ಎಲ್ಲ ಇತ್ತು. ಗಾಡಿ ಸುಖವಾಗಿ ದಾಟಿತು ಎಂದು ಮುಗಿಸಿದಳು. ಲಕ್ಕಮ್ಮ ನನ್ನ ಕಾಲು ಮುಟ್ಟಲು ಬಂದಳು, ತಪ್ಪಿಸಿಕೊಂಡೆ. ಪತ್ರಿಕೆಯನ್ನು ಪೆಟ್ಟಿಗೆಯಲ್ಲಿ ಹಳೆಯದರ ಮೇಲಿಟ್ಟು ಬೇವಿನ ಸೊಪ್ಪು ಹರಡಿದಳು. ಬೆಲ್ಲದ ಕಾಫಿ ಕೊಟ್ಟಳು, ಕುಡಿದೆ.

ರೂಪಶ್ರೀ ಈ ಸಲವೂ ರಸ್ತೆಯವರೆಗೆ ಬಂದಳು. ಏನಾದರೂ ಅನ್ನುತ್ತಾಳೆ ಎಂದು ಕಾದೆ. ಹುದ್ದೆಯ ಪ್ರಕಾರ, ಜಾಗದ ಅಭಾವ, ಎಲ್ಲ ಉತ್ತರವೂ ಸಿದ್ಧವಾಗಿತ್ತು.

"ಇನ್ನು ಮುಂದೆ 'ಕೈಮರ' ಬರಲ್ವಾ ಸರ್?" ಎಂದು ಕೇಳಿದಳು.

"ಇಲ್ಲಮ್ಮ, ಇದೇ ಕೊನೇದು."

"ಸರಿ ಸರ್" ಎಂದು ತಿರುಗಿ ಹೋದಳು.

ಗಾಡಿ ನಲವತ್ತು ನಿಮಿಷ ತಡ. ಹುಡುಗಿಯ ಓದು ಚೆನ್ನಾಗಿದೆ, ಸ್ವರ ಸ್ಪಷ್ಟ. ಒಳ್ಳೆಯ ಮೇಡಂ ಆಗುತ್ತಾಳೆ.

೬ ಏಪ್ರಿಲ್, ಗುರುವಾರ

ವಿಶೇಷವೇನಿಲ್ಲ.